ಹಳ್ಳಕ್ಕೆ ಜಾಗ ಬಿಡದೆ ಮೋಡಕ್ಕೆ ಬೈಯೋರು

ಮೊನ್ನೆ ಹೋಟ್ಲಲ್ಲಿ ಟೀ ಕುಡೀತಾ ಒಬ್ರು ಅಂದ್ರು, "ಹವಾಮಾನವೇ ಕೆಟ್ಟೋಗಿದೆ ಬಿಡಣ್ಣ, ನಮ್ಮ ಕೈಲಿ ಏನಿದೆ". ಈ ಮಾತು ಕೇಳಿದ್ರೆ ನನಗೆ ಮೈ ಉರಿಯುತ್ತೆ. ಹವಾಮಾನ ಕೆಟ್ಟಿರೋದು ನಿಜ, ಇಲ್ಲ ಅನ್ನಲ್ಲ. ಆದ್ರೆ ಆ ಮಾತಿನ ಮರೆಯಲ್ಲಿ ಯಾರ್ಯಾರು ನುಸುಳಿಕೊಳ್ತಾರೆ ಅಂತ ನೋಡ್ಬೇಕು.

ಸ್ಪೇನ್ ದೇಶದ ವೆಲೆನ್ಸಿಯಾ ತಗೊಳ್ಳಿ. ಕಿತ್ತಳೆಗೆ ಹೆಸರಾದ ಸೀಮೆ. ಕಾಲುವೆ ನೀರಿನ ಜಗಳ ತೀರ್ಸೋಕೆ ಅಲ್ಲಿ ನೂರಾರು ವರ್ಷದಿಂದ ಪ್ರತಿ ಗುರುವಾರ ದೊಡ್ಡ ಚರ್ಚಿನ ಬಾಗಿಲಲ್ಲಿ ರೈತರದೇ ನ್ಯಾಯಪಂಚಾಯ್ತಿ ಕೂರುತ್ತೆ. ನೀರಿನ ಬೆಲೆ ಗೊತ್ತಿಲ್ಲದ ಜನ ಅಲ್ಲ. 2024ರ ಅಕ್ಟೋಬರ್ 29ರಂದು ಅಲ್ಲಿನ ತುರೀಸ್ ಅನ್ನೋ ಊರಲ್ಲಿ 24 ಗಂಟೆಗೆ 771 ಮಿ.ಮೀ. ಮಳೆ ಬಿತ್ತು. ನಮ್ಮ ಬಯಲುಸೀಮೆಗೆ ವರ್ಷವಿಡೀ ಬೀಳೋದಕ್ಕಿಂತ ಜಾಸ್ತಿ. ಅದರಲ್ಲಿ ಒಂದೇ ಗಂಟೆಗೆ 184. ಆ ಪ್ರವಾಹಕ್ಕೆ 220ಕ್ಕೂ ಹೆಚ್ಚು ಜನ ಸತ್ತರು.

ಮೆಡಿಟರೇನಿಯನ್ ಸಮುದ್ರ ಬೇಸಿಗೆಯೆಲ್ಲಾ ಕಾದಿರುತ್ತೆ. ಆಮೇಲೆ ಮೇಲ್ಗಡೆ ತಣ್ಣನೆ ಗಾಳಿಯ ಸುಳಿ ಬಂದು ನಿಂತ್ರೆ ಕೊಡ ಬಗ್ಗಿಸಿದಂಗೆ ಸುರಿಯುತ್ತೆ. ಇದು ಅವರ ಅಜ್ಜ ಮುತ್ತಜ್ಜಂದಿರಿಗೂ ಗೊತ್ತಿತ್ತು. ಈಗ ಸಮುದ್ರ ಇನ್ನೂ ಬಿಸಿ. ಗಾಳಿ ಒಂದು ಡಿಗ್ರಿ ಬಿಸಿಯಾದ್ರೆ ಸುಮಾರು 7% ಹೆಚ್ಚು ನೀರಾವಿ ಹೊರುತ್ತೆ. ಅಷ್ಟು ತಪ್ಪು ಹವಾಮಾನದ್ದು, ಒಪ್ಪಿದೆ.

ಉಳಿದದ್ದು ಯಾರದು? ಅತಿ ಹೆಚ್ಚು ಹೆಣ ಬಿದ್ದ ಊರುಗಳಲ್ಲಿ ಒಂದಾದ ಪೈಪೋರ್ತಾದಲ್ಲಿ ಅವತ್ತು ಮಳೆಯೇ ಅಷ್ಟಾಗಿ ಇರ್ಲಿಲ್ಲ. ಮೇಲಿನ ಗುಡ್ಡದಲ್ಲಿ ಸುರಿದ ನೀರು ಪೋಯೊ ಅನ್ನೋ ಹಳ್ಳದಲ್ಲಿ ನುಗ್ಗಿ ಬಂತು. ವರ್ಷದ ಬಹುಪಾಲು ಒಣಗೇ ಇರೋ ಹಳ್ಳ. ಒಣಗಿದೆ ಅಂತ ಎರಡೂ ದಂಡೆಗೆ ಮನೆ, ಅಂಗಡಿ ಕಟ್ಟಿಬಿಟ್ಟಿದ್ರು. 1957ರ ಪ್ರವಾಹ ಆದ್ಮೇಲೆ ವೆಲೆನ್ಸಿಯಾ ನಗರ ಉಳಿಸೋಕೆ ತೂರಿಯಾ ನದಿಯನ್ನೇ ತಿರುಗಿಸಿದ್ರು. ಈ ಸಲ ನಗರದ ಬಹುಭಾಗ ಉಳೀತು. ಅದರಾಚೆ ದಕ್ಷಿಣದ ಊರುಗಳು ಮುಳುಗಿದವು, ಯಾಕಂದ್ರೆ ಪೋಯೊ ಹಳ್ಳದ ಕೆಲಸ ವರ್ಷಗಟ್ಟಲೆ ಕಾಗದದಲ್ಲೇ ಇತ್ತು. ದೊಡ್ಡೋರ ಊರಿಗೆ ನದಿ ತಿರುಗುತ್ತೆ, ಹಳ್ಳಿಯ ಹಳ್ಳಕ್ಕೆ ಫೈಲು ತಿರುಗುತ್ತೆ.

ಇನ್ನೊಂದು ಕೇಳಿ. ಹವಾಮಾನ ಇಲಾಖೆ ಬೆಳಿಗ್ಗೆಯೇ ರೆಡ್ ಅಲರ್ಟ್ ಕೊಟ್ಟಿತ್ತು. ಜನರ ಮೊಬೈಲಿಗೆ ಎಚ್ಚರಿಕೆ ಬಂದದ್ದು ರಾತ್ರಿ 8 ಗಂಟೆ 11 ನಿಮಿಷಕ್ಕೆ! ಅಷ್ಟೊತ್ತಿಗೆ ಬೀದಿಯಲ್ಲಿ ನೀರು. ಕಾರು ಉಳಿಸ್ಕೊಳ್ಳೋಕೆ ನೆಲಮಾಳಿಗೆಗೆ ಇಳಿದ ಎಷ್ಟೋ ಜನ ಮೇಲೆ ಬರಲೇ ಇಲ್ಲ. ಇದನ್ನೂ ಮೋಡ ಮಾಡ್ತಾ? ಆಮೇಲೆ ಕೆಸರು ಎತ್ತೋಕೆ ಟ್ರ್ಯಾಕ್ಟರ್ ತಗೊಂಡು ಬಂದೋರಲ್ಲಿ ರೈತರೇ ಮುಂದೆ.

ನನ್ನದೂ ಹೇಳಿಬಿಡ್ತೀನಿ, ಇಲ್ಲಾಂದ್ರೆ ನೀವೇ ಕಾಮೆಂಟಲ್ಲಿ ಕೇಳ್ತೀರ. ಆರು ವರ್ಷದ ಹಿಂದೆ ನಾನೂ ನಮ್ಮ ಹಳ್ಳದ ದಂಡೆ ಒತ್ತಿ ಎರಡು ಸಾಲು ಅಡಿಕೆ ಇಟ್ಟವನೇ. ಈಗ ಫಲಕ್ಕೆ ಬಂದಿವೆ, ಕೈ ಬರಲ್ಲ. ಆದ್ರೂ ಈ ಸಲದ ಕೊನೆ ಕೊಯ್ದ ಮೇಲೆ ಜೆಸಿಬಿ ಕರೆಸ್ತಾ ಇದ್ದೀನಿ. ನಮ್ಮ ಮೇಲಿನ ಹೊಲದೋರು, ಕೆಳಗಿನೋರು ಸೇರೋದಾದ್ರೆ ಬಾಡಿಗೆ ಹಂಚ್ಕೊಳ್ಳೋಣ, ಫೋನ್ ಮಾಡಿ.