ಕುಸ್ತಿಪಟುವಿನ ಬಾಯಲ್ಲಿ ಕಂಪನಿಯ ಮಾತು

ರೆಸ್ಲಿಂಗ್ ನೋಡುತ್ತೇನೆ ಎಂದರೆ ಮನೆಯಲ್ಲೂ ತರಗತಿಯಲ್ಲೂ ಕೇಳಿಬರುವ ಮೊದಲ ಮಾತು ಒಂದೇ: ‘ಅದೆಲ್ಲ ನಾಟಕ ಕಣೋ!’ ಹೌದು, ನಾಟಕವೇ. ಯಾರು ಗೆಲ್ಲಬೇಕೆಂದು ಮೊದಲೇ ತೀರ್ಮಾನವಾಗಿರುತ್ತದೆ. ಇಂದು ಡಬ್ಲ್ಯೂಡಬ್ಲ್ಯೂಇ ಎಂದು ಕರೆಯುವ ಕಂಪನಿಯೇ 1989ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಸೆನೆಟ್ ಮುಂದೆ ತನ್ನದು ಕ್ರೀಡಾ ಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡಿತು. ಆ ಪ್ರಾಮಾಣಿಕತೆಯ ಹಿಂದೆಯೂ ಲೆಕ್ಕಾಚಾರವಿತ್ತು. ಕ್ರೀಡೆ ಎಂದಾದರೆ ಸರ್ಕಾರದ ನಿಯಂತ್ರಣ ಮತ್ತು ತೆರಿಗೆ ಎರಡೂ ಬೀಳುತ್ತಿದ್ದವು. ಹಾಗಾಗಿ ಅದು ನಾಟಕ ಎಂಬುದು ನನ್ನ ದೂರಲ್ಲ. ಆ ನಾಟಕವನ್ನು ಕಲಾವಿದರಿಂದ ಕಿತ್ತು ಕಚೇರಿಯ ಮೇಜಿಗೆ ಒಯ್ದರು ಎಂಬುದು ನನ್ನ ದೂರು.

ತಾಳಮದ್ದಳೆ ಕೇಳಿದವರಿಗೆ ಇದನ್ನು ವಿವರಿಸುವುದು ಸುಲಭ. ಪ್ರಸಂಗ ಎಲ್ಲರಿಗೂ ಗೊತ್ತು, ಕೊನೆಗೆ ಯಾರು ಸೋಲುತ್ತಾರೆಂದೂ ಗೊತ್ತು. ಆದರೂ ಜನ ಕುಳಿತು ಕೇಳುವುದು ಅರ್ಥಧಾರಿ ಆ ಹೊತ್ತಿಗೆ ಏನು ಹೇಳುತ್ತಾರೆ ಎಂಬ ಕುತೂಹಲದಿಂದ. ರೆಸ್ಲಿಂಗ್‌ನ ಜೀವವೂ ಅಲ್ಲೇ ಇತ್ತು. ಸ್ಟೀವ್ ಆಸ್ಟಿನ್ 1996ರಲ್ಲಿ ಈ ಕಂಪನಿಗೆ ಬಂದಾಗ ಅವರಿಗೆ ಸಿಕ್ಕಿದ್ದು ‘ರಿಂಗ್‌ಮಾಸ್ಟರ್’ ಎಂಬ ಸಪ್ಪೆ ಪಾತ್ರ. ಅದೇ ವರ್ಷ ಜೂನ್‌ನಲ್ಲಿ ‘ಕಿಂಗ್ ಆಫ್ ದಿ ರಿಂಗ್’ ಗೆದ್ದ ಮೇಲೆ ಅವರು ಯಾರೂ ಬರೆದುಕೊಡದ ನಾಲ್ಕು ಮಾತು ಆಡಿದರು. ಆ ಮಾತು ಟೀ ಶರ್ಟ್ ಮೇಲೆ ಲಕ್ಷಗಟ್ಟಲೆ ಮಾರಾಟವಾಯಿತು. ಕಂಪನಿಗೆ ಹಣ ತಂದುಕೊಟ್ಟದ್ದು ಕಂಪನಿ ಬರೆಯದೇ ಇದ್ದ ಮಾತು!

ಆಗ ಕಂಪನಿ ಅಷ್ಟು ಸಲಿಗೆ ಕೊಟ್ಟದ್ದಕ್ಕೂ ಕಾರಣವಿದೆ. ಎದುರಾಳಿ ಡಬ್ಲ್ಯೂಸಿಡಬ್ಲ್ಯೂ ಸತತ 83 ವಾರ ಸೋಮವಾರ ರಾತ್ರಿಯ ವೀಕ್ಷಕರ ಲೆಕ್ಕದಲ್ಲಿ ಮುಂದಿತ್ತು. ಸೋಲುವ ಭಯ ಇದ್ದವನು ಹೊಸತನ್ನು ಪ್ರಯತ್ನಿಸುತ್ತಾನೆ. 1999ರಲ್ಲಿ ಕಂಪನಿ ಷೇರುಪೇಟೆಗೆ ಬಂತು. 2001ರಲ್ಲಿ ಎದುರಾಳಿಯನ್ನೇ ಕೊಂಡುಕೊಂಡಿತು. ಪೈಪೋಟಿ ಮುಗಿಯಿತು. ನಂತರದ ವರ್ಷಗಳಲ್ಲಿ ಟಿವಿ ಬರಹಗಾರರ ತಂಡ ದೊಡ್ಡದಾಯಿತು, ಕುಸ್ತಿಪಟುಗಳು ಪ್ರತಿ ಸಾಲನ್ನೂ ಬಾಯಿಪಾಠ ಮಾಡಿ ಒಪ್ಪಿಸುವಂತಾಯಿತು. 2019ರಲ್ಲಿ ಕಂಪನಿ ಬಿಟ್ಟ ಜಾನ್ ಮಾಕ್ಸ್ಲಿ ಹೇಳಿದ ದೊಡ್ಡ ಬೇಸರವೂ ಇದೇ. ಹೊರಗೆ ಬಂದು ತಮ್ಮ ಮಾತು ತಾವೇ ಆಡಿದ ಅವರು ಮರುವರ್ಷವೇ ಹೊಸ ಎದುರಾಳಿ ಎಇಡಬ್ಲ್ಯೂನ ಚಾಂಪಿಯನ್ ಆದರು.

ಮಾರುಕಟ್ಟೆಗೆ ಕಥೆ ಬರೆದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಂಥ ಓದುಗರಿಗೆ ಚುಚ್ಚುವ ಉದಾಹರಣೆ ‘ಮುಹಮ್ಮದ್ ಹಸನ್’ ಎಂಬ ಪಾತ್ರ. 2004ರ ಕೊನೆಯಲ್ಲಿ ಬಂದ ಈ ಪಾತ್ರ ಮಾಡಿದವರು ಇಟಾಲಿಯನ್ ಮೂಲದ ಅಮೆರಿಕನ್. ಪಾತ್ರ ಮೊದಲು ಹೇಳಿದ್ದು, 2001ರ ಸೆಪ್ಟೆಂಬರ್ 11ರ ನಂತರ ಅರಬ್ ಅಮೆರಿಕನ್ನರನ್ನು ಎಲ್ಲರೂ ಅನುಮಾನದಿಂದ ನೋಡುತ್ತಾರೆ ಎಂದು. ಅದರಲ್ಲಿ ಸುಳ್ಳೇನಿತ್ತು? ಅಲ್ಲಿಂದ ಒಳ್ಳೆಯ ಕಥೆ ಹುಟ್ಟಬಹುದಿತ್ತು. ಆದರೆ ಹಾಗೆ ಹೇಳಿದವನನ್ನೇ ಖಳನನ್ನಾಗಿ ಮಾಡಿದರು, ಕೊನೆಗೆ ಅವನ ಪರವಾಗಿ ಮುಸುಕುಧಾರಿಗಳನ್ನು ರಿಂಗ್‌ಗೆ ಕಳಿಸಿದರು. ಆ ದೃಶ್ಯ ಪ್ರಸಾರವಾದದ್ದು 2005ರ ಜುಲೈ 7ರಂದು, ಲಂಡನ್ ಸ್ಫೋಟ ನಡೆದ ದಿನವೇ. ಚಾನೆಲ್ ಒತ್ತಡ ಹಾಕಿತು, ಪಾತ್ರ ಅದೇ ತಿಂಗಳು ಮುಗಿಯಿತು. ಪೂರ್ವಗ್ರಹ ಮಾರಿದ್ದೂ ವ್ಯಾಪಾರಕ್ಕೆ, ಕೈಬಿಟ್ಟದ್ದೂ ವ್ಯಾಪಾರಕ್ಕೆ. ಪಾತ್ರ ಮಾಡಿದ ನಟನ ಕುಸ್ತಿ ಬದುಕು ಅಲ್ಲಿಗೇ ನಿಂತಿತು.

ಭಾರತಕ್ಕೂ ಇಂಥ ಪಾಲು ಸಿಕ್ಕಿದೆ. 2017ರ ಮೇ ತಿಂಗಳಲ್ಲಿ, ಅಲ್ಲಿಯವರೆಗೆ ಸೋಲುತ್ತಲೇ ಇದ್ದ ಜಿಂದರ್ ಮಹಲ್ ದಿಢೀರನೆ ಚಾಂಪಿಯನ್ ಆದರು. ನಮ್ಮ ದೇಶದ ಮಾರುಕಟ್ಟೆಯ ಮೇಲಿನ ಕಣ್ಣು ಇದರ ಹಿಂದಿತ್ತೆಂದು ಆಗಲೇ ಎಲ್ಲರೂ ಆಡಿಕೊಂಡರು. ಡಿಸೆಂಬರ್‌ನಲ್ಲಿ ದೆಹಲಿ ಪ್ರದರ್ಶನಕ್ಕೆ ಬರುವ ಹೊತ್ತಿಗೆ ಪಟ್ಟ ಅವರ ಕೈಯಲ್ಲಿರಲಿಲ್ಲ. ಪಟ್ಟ ಕೊಟ್ಟರು, ಕಥೆ ಕೊಡಲಿಲ್ಲ. ‘ವಿದೇಶಿ ಖಳ’ ಎಂಬ ಹಳೆಯ ವೇಷವನ್ನೇ ತೊಡಿಸಿದರು. ನಾವು ಅಷ್ಟಕ್ಕೇ ಖುಷಿಪಡುತ್ತೇವೆ ಎಂದು ಅವರು ಭಾವಿಸಿದ್ದು ನನಗೆ ಅವಮಾನವೆನಿಸುತ್ತದೆ.

ಕಂಪನಿಯ ಶಿಸ್ತಿನಿಂದ ಒಳ್ಳೆಯದೇನೂ ಆಗಿಲ್ಲವೇ? ಆಗಿದೆ. ಪೈಪೋಟಿಯ ಆ ಕಾಲದಲ್ಲೇ, 1999ರ ಮೇ ತಿಂಗಳಲ್ಲಿ, ಓವೆನ್ ಹಾರ್ಟ್ ಮೇಲಿನಿಂದ ಇಳಿಯುವ ಸಾಹಸ ಮಾಡಲು ಹೋಗಿ ಬಿದ್ದು ಸತ್ತರು. ಪ್ರದರ್ಶನ ಮಾತ್ರ ಮುಂದುವರಿಯಿತು. ಅಂದಿನ ಅಶ್ಲೀಲ ಮಾತು, ಹೆಂಗಸರನ್ನು ತೋರಿಸುತ್ತಿದ್ದ ರೀತಿ ಮನೆಮಂದಿಯ ಜೊತೆ ಕುಳಿತು ನೋಡುವಂಥದ್ದಲ್ಲ. 2008ರ ನಂತರ ಅವೆಲ್ಲ ತಗ್ಗಿದವು. 2010ರಲ್ಲಿ ತಲೆಗೆ ಕುರ್ಚಿಯಿಂದ ಹೊಡೆಯುವುದನ್ನು ನಿಷೇಧಿಸಿದರು. ಇವು ಬೇಕಾದ ಮಿತಿಗಳು. ಆದರೆ ‘ಇದನ್ನು ಆಡಬೇಡ’ ಎನ್ನುವುದು ಬೇರೆ, ‘ಇದನ್ನೇ ಆಡು’ ಎನ್ನುವುದು ಬೇರೆ. ಮೊದಲನೆಯದರ ಒಳಗೆ ಕಲೆ ಬದುಕಬಲ್ಲದು.

ಪ್ರೇಕ್ಷಕರು ಕೈಕಟ್ಟಿ ಕೂರಬೇಕಿಲ್ಲ ಎಂಬುದಕ್ಕೆ 2024 ಸಾಕ್ಷಿ. ಆ ಜನವರಿಯಲ್ಲಿ ‘ದಿ ರಾಕ್’ ಮಾತೃಸಂಸ್ಥೆ ಟಿಕೆಒದ ನಿರ್ದೇಶಕ ಮಂಡಳಿ ಸೇರಿದರು. ಕೆಲವೇ ದಿನಗಳಲ್ಲಿ, ರಾಯಲ್ ರಂಬಲ್ ಗೆದ್ದಿದ್ದ ಕೋಡಿ ರೋಡ್ಸ್ ರೆಸಲ್‌ಮೇನಿಯಾದ ತಮ್ಮ ಜಾಗವನ್ನು ಅವರಿಗೆ ಬಿಟ್ಟುಕೊಟ್ಟಂತೆ ಕಥೆ ತಿರುಗಿತು. ಅಭಿಮಾನಿಗಳು ಎಷ್ಟು ಗಲಾಟೆ ಮಾಡಿದರೆಂದರೆ ಒಂದೇ ವಾರದಲ್ಲಿ ಕಥೆ ಬದಲಾಯಿತು. ಏಪ್ರಿಲ್ 7ರಂದು ಕೋಡಿ ಚಾಂಪಿಯನ್ ಆದರು. ಎಷ್ಟೋ ವರ್ಷಗಳಲ್ಲಿ ಅಷ್ಟು ಚೆನ್ನಾದ ಕೊನೆ ಬಂದಿರಲಿಲ್ಲ.

ಈಗ ನೆಟ್‌ಫ್ಲಿಕ್ಸ್ ಜೊತೆ 10 ವರ್ಷಕ್ಕೆ 500 ಕೋಟಿ ಡಾಲರ್ ಮೀರಿದ ಒಪ್ಪಂದವಿದೆ. ರಿಂಗ್‌ನ ಹಾಸಿನ ನಡುವೆಯೇ ಜಾಹೀರಾತು ಬಂದಿದೆ. ಹಣ ಹೀಗೆ ಮೊದಲೇ ಖಚಿತವಾದಾಗ ಕಥೆ ಕೆಟ್ಟರೂ ಕಂಪನಿಗೆ ತಕ್ಷಣ ನಷ್ಟವಿಲ್ಲ. ನನ್ನ ಭಯ ಇರುವುದು ಇಲ್ಲಿ. ಆದ್ದರಿಂದ ಗೆಳೆಯರೇ, ‘ನಿಜವೋ ಸುಳ್ಳೋ’ ಎಂಬ ಜಗಳ ಬಿಟ್ಟು ‘ಈ ಮಾತು ಯಾರದ್ದು?’ ಎಂದು ಕೇಳುತ್ತಾ ನೋಡೋಣ. ನಮ್ಮ ವಾರ್ಷಿಕೋತ್ಸವದ ಪ್ರಹಸನಗಳನ್ನು ಮೊದಲೇ ಓದಿ ನೋಡುವ ಉಪನ್ಯಾಸಕರಿಗೂ ಒಂದು ವಿನಂತಿ: ಸಲ್ಲದ ಮಾತನ್ನು ಖಂಡಿತ ಹೊಡೆದುಹಾಕಿ, ಆದರೆ ಆ ಜಾಗದಲ್ಲಿ ಏನು ಹೇಳಬೇಕೆಂಬುದನ್ನು ನಾವೇ ಹುಡುಕಲು ಬಿಡಿ.