'ಸ್ಕ್ರೂ' ಎಂಬ ಪದಕ್ಕೆ ಎಷ್ಟು ಸ್ಥಳ ಬೇಕು?

ಬ್ರೌಸರಿನಲ್ಲಿಯೇ ಜಾಲಪುಟವನ್ನು ರಚಿಸಬಲ್ಲ ಸಾಧನಗಳು ಇಂದು ಹೇರಳವಾಗಿವೆ. ಚಿತ್ರವನ್ನು ಎಳೆದು ತಂದು ಇರಿಸಬಹುದು, ಚೌಕಟ್ಟನ್ನು ಹಿಗ್ಗಿಸಬಹುದು, ಸಂಕೇತಭಾಷೆಯನ್ನು ಕಲಿಯಬೇಕಾಗಿಲ್ಲ. ಈ ವಿಚಾರವು ಹೊಸದೇನೂ ಅಲ್ಲ. 1990ರಲ್ಲಿ ಟಿಮ್ ಬರ್ನರ್ಸ್-ಲೀ ಅವರು ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ನಿರ್ಮಿಸಿದ ಮೊತ್ತಮೊದಲ ಬ್ರೌಸರಿನಲ್ಲಿಯೇ ಪುಟವನ್ನು ಓದುವುದರೊಡನೆ ತಿದ್ದುವುದಕ್ಕೂ ಅವಕಾಶವಿದ್ದಿತು. ಆದರೆ ಇಂತಹ ಸಾಧನವು ಬಳಸಲು ಸುಲಭವೆನ್ನುವವರನ್ನು ನಾವು ಕೇಳಬೇಕಾದುದೊಂದಿದೆ: ಯಾವ ಭಾಷೆಯಲ್ಲಿ ಸುಲಭ?

ಪೀಣ್ಯದ ಸಣ್ಣ ಕಾರ್ಖಾನೆಯೊಂದು ತಾನು ತಯಾರಿಸುವ ಸ್ಕ್ರೂಗಳ ವಿವರವನ್ನು ಕನ್ನಡದಲ್ಲಿ ಪ್ರಕಟಿಸಲು ಹೊರಟಿತೆಂದು ಭಾವಿಸೋಣ. ಈ ಪದವನ್ನು ಇಂಗ್ಲಿಷಿನಲ್ಲಿ ಬರೆದರೆ ಐದು ಅಕ್ಷರಗಳು ಒಂದೇ ಗೆರೆಯ ಮೇಲೆ ಸಾಲಾಗಿ ನಿಲ್ಲುವುವು, ಒಂದಾದರೂ ಕೆಳಗಿಳಿಯದು. ಕನ್ನಡದಲ್ಲಿಯಾದರೋ ಕಣ್ಣಿಗೆ ಕಾಣುವುದು ಒಂದೇ ಅಕ್ಷರ. ಯೂನಿಕೋಡ್ ಕ್ರಮದಂತೆ ಗಣಕವು ಅದನ್ನು ಆರು ಸಂಕೇತಗಳಾಗಿ ಇರಿಸಿಕೊಳ್ಳುತ್ತದೆ: ಸಕಾರ, ಅರ್ಧಾಕ್ಷರದ ಚಿಹ್ನೆ, ಕಕಾರ, ಮತ್ತೆ ಅದೇ ಚಿಹ್ನೆ, ರಕಾರ, ಕೊನೆಗೆ ದೀರ್ಘ ಊಕಾರದ ಚಿಹ್ನೆ. ಇವನ್ನು ಜೋಡಿಸಿ ಅಕ್ಷರರೂಪಕ್ಕೆ ತರುವುದು ಫಾಂಟ್ ಮತ್ತು ಬ್ರೌಸರುಗಳ ಕೆಲಸ. ಅದನ್ನು ಅವು ಈಗ ಬಹುಮಟ್ಟಿಗೆ ಸರಿಯಾಗಿಯೇ ಮಾಡುತ್ತವೆ. ತೊಡಕಿರುವುದು ಬೇರೆಡೆ. ಕನ್ನಡದ ಒತ್ತುಗಳು ಗೆರೆಯ ಕೆಳಗೆ ಇಳಿಯುತ್ತವೆ. ಚೌಕಟ್ಟಿನ ಎತ್ತರವನ್ನು ಇಂಗ್ಲಿಷ್ ಅಕ್ಷರಗಳ ಅಳತೆಗೆ ಬಿಗಿಮಾಡಿ, ಮೀರಿದ ಭಾಗವನ್ನು ಮರೆಮಾಡುವಂತೆ ವಿಧಿಸಿದ್ದರೆ ಅವೆರಡೂ ಕತ್ತರಿಸಿಹೋಗಿ 'ಸೂ' ಎಂಬುದಷ್ಟೇ ಉಳಿದೀತು!

ಇದಕ್ಕೆ ಬಳಸುವವನನ್ನು ದೂರುವುದು ನ್ಯಾಯವಲ್ಲ. ಲೇಥ್ ಯಂತ್ರದ ಕೈಚಕ್ರದ ಬಳಿ ಅಳತೆಯ ಗೆರೆಗಳಿರುತ್ತವೆ. ಎಷ್ಟು ತಿರುಗಿಸಿದರೆ ಟೂಲ್ ಎಷ್ಟು ಮುಂದೆ ಸರಿಯುವುದೆಂಬುದನ್ನು ಕೆಲಸಗಾರನು ಅಲ್ಲಿಯೇ ಓದಿಕೊಳ್ಳುತ್ತಾನೆ. ಜಾಲಪುಟದ ಸಾಧನದಲ್ಲಿ ಎತ್ತರದ ನಿಯಮವು ಒಳಗೆಲ್ಲೋ ಅಡಗಿದ್ದರೆ, ಅಕ್ಷರವು ಕತ್ತರಿಸಿದ್ದು ಕಂಡರೂ ತಿರುಗಿಸಲು ಚಕ್ರವೇ ಇಲ್ಲ. ಪರಿಹಾರವೇನೂ ಕಠಿಣವಲ್ಲ. ಎತ್ತರವನ್ನು ನಿಗದಿಪಡಿಸದೆ ಬಿಟ್ಟರೆ ಚೌಕಟ್ಟು ಬರಹಕ್ಕೆ ತಕ್ಕಂತೆ ತಾನಾಗಿ ಬೆಳೆಯುವುದು. ಸಾಲುಗಳ ನಡುವಣ ಅಂತರವನ್ನೂ ತುಸು ಹೆಚ್ಚಿಸಬೇಕು, ಅಷ್ಟೆ. ಸಾಫ್ಟ್‌ವೇರಿಗೆ ಹೆಸರಾದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಿರುವುದು ಪೀಣ್ಯವಿರುವ ಬೆಂಗಳೂರಿನಲ್ಲಿಯೇ. ಕನ್ನಡದಲ್ಲಿ ಪರೀಕ್ಷಿಸದ ಸಾಧನವನ್ನು ಇಲ್ಲಿ 'ಸುಲಭ'ವೆಂದು ಮಾರುವುದು ಸರಿಯಲ್ಲವೆಂದೇ ನಮ್ಮ ಅಭಿಪ್ರಾಯ.

ನಮ್ಮ ವಿದ್ಯಾರ್ಥಿ ವಾಚಕರು ಇಂತಹ ಸಾಧನವನ್ನು ತೆರೆದೊಡನೆ ಶೀರ್ಷಿಕೆಯ ಜಾಗದಲ್ಲಿ 'ಸ್ಕ್ರೂ', 'ಸ್ತ್ರೀ', 'ರಾಷ್ಟ್ರ' ಎಂದು ಬರೆದು, ಫೋನಿನ ಪುಟ್ಟ ತೆರೆಯಲ್ಲಿಯೂ ನೋಡಲಿ. ಒತ್ತು ಕಾಣದಿದ್ದರೆ ಆ ತೆರೆಯ ಚಿತ್ರವನ್ನೇ ತಯಾರಕರಿಗೆ ಕಳುಹಿಸಲಿ.