ಶಾಲು ಹೊದಿಸಿ ಕೂರಿಸುವ ಮುನ್ನ

ತುಮಕೂರು–ತಿಪಟೂರು ರಸ್ತೆಯನ್ನು ತುರುವೇಕೆರೆ–ಚಿಕ್ಕನಾಯಕನಹಳ್ಳಿ ರಸ್ತೆ ಹಾಯುವ ಕಡೆ, ಎಲ್ಲರ ಬಾಯಲ್ಲಿ ಕೆ.ಬಿ. ಕ್ರಾಸ್ ಆಗಿರುವ ಕಿಬ್ಬನಹಳ್ಳಿ ಕ್ರಾಸ್‌ನಲ್ಲಿ, ಹಬ್ಬ ಮುಗಿದ ಮಾರನೆಯ ದಿನ ಬೆಂಗಳೂರಿನ ಬಸ್ಸಿಗೆ ಕಾಯುವವರ ನಡುವೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ‘ನಮ್ಮ ಹಳ್ಳಿಗಳೆಲ್ಲ ವೃದ್ಧಾಶ್ರಮ ಆಗ್ಹೋದ್ವು.’ ಅದರ ಬೆನ್ನಿಗೇ ಇನ್ನೊಂದು: ‘ಅಲ್ಲಿ ಕನಕಪುರ ರೋಡಲ್ಲಿ ರಿಟೈರಾದವರಿಗೆ ಅಂತಲೇ ಬಡಾವಣೆ ಮಾಡವ್ರೆ, ದಿನಕ್ಕೊಂದು ಪ್ರೋಗ್ರಾಂ. ಇಲ್ಲಿ ಏನೈತೆ?’

ಮೊದಲ ಮಾತಿನಲ್ಲಿ ನಿಜವಿದೆ. ಕೇಂದ್ರ ಸರ್ಕಾರ 2017–18ರಲ್ಲಿ ನಡೆಸಿದ ವೃದ್ಧಾಪ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ಸುಮಾರು ನಾಲ್ವರಲ್ಲಿ ಒಬ್ಬರು ಒಂಟಿಯಾಗಿದ್ದಾರೆ, ಇಲ್ಲವೇ ಗಂಡ ಹೆಂಡತಿ ಇಬ್ಬರೇ ಇದ್ದಾರೆ. ಎರಡನೆಯ ಮಾತು ಮಾತ್ರ ಟೊಳ್ಳು. ಮುದುಕರಿಗೆ ಕಾರ್ಯಕ್ರಮ ಕಡಿಮೆಯಾಗಿದೆ, ಒಂದಿಷ್ಟು ಮನರಂಜನೆ ಒದಗಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಅದರೊಳಗಿದೆ. ಹಬ್ಬವೆಂದರೆ ಮೊದಲು ಕೆಲಸ, ಆಮೇಲೆ ಸಂಭ್ರಮ. ಕೆಲಸ ಕಿತ್ತುಕೊಂಡು ಸಂಭ್ರಮ ಮಾತ್ರ ಬಡಿಸಿದರೆ ಮನೆಯ ಹಿರಿಯರೇ ಹಬ್ಬಕ್ಕೆ ನೆಂಟರಾಗುತ್ತಾರೆ.

ನಿವೃತ್ತರಿಗೆಂದೇ ಊರು ಕಟ್ಟುವ ವಿಚಾರಕ್ಕೆ ದೊಡ್ಡ ಮಾರುಕಟ್ಟೆ ದೊರೆತದ್ದು ಅಮೆರಿಕದ ಅರಿಜೋನಾದಲ್ಲಿ. ಡೆಲ್ ವೆಬ್ ಎಂಬ ಗುತ್ತಿಗೆದಾರ 1960ರ ಜನವರಿ 1ರಂದು ‘ಸನ್ ಸಿಟಿ’ಯ ಬಾಗಿಲು ತೆರೆದ. ಗಾಲ್ಫ್ ಮೈದಾನ, ಈಜುಕೊಳ, ಹವ್ಯಾಸದ ಕೋಣೆಗಳು. ಬೆಳೆಯುವ ಮಕ್ಕಳಿಗೆ ಮಾತ್ರ ಅಲ್ಲಿ ವಾಸವಿಲ್ಲ. ಮೊದಲ ವಾರಾಂತ್ಯಕ್ಕೇ ಸುಮಾರು ಒಂದು ಲಕ್ಷ ಜನ ನೋಡಲು ಬಂದರಂತೆ. ನಮ್ಮಲ್ಲಿ ಆ ಮಾದರಿ ಕೊಯಮತ್ತೂರಿನಲ್ಲಿ ಬೇರುಬಿಟ್ಟು ಬೆಂಗಳೂರಿನ ಅಂಚಿಗೂ ಬಂದಿದೆ. ಬೆಳಗ್ಗೆ ಕುರ್ಚಿಯ ಮೇಲೆ ಕೂತು ಯೋಗ, ಸಂಜೆ ತಂಬೋಲ, ಶನಿವಾರ ಅಂತ್ಯಾಕ್ಷರಿ, ತಿಂಗಳಲ್ಲಿ ಹುಟ್ಟಿದವರಿಗೆಲ್ಲ ಸೇರಿಸಿ ಒಂದೇ ಕೇಕು. ದಸರೆಗೆ ಗೊಂಬೆಯೂ ಕೂರುತ್ತದೆ. ಜೋಡಿಸುವವರು ಸಿಬ್ಬಂದಿ, ನೋಡುವವರು ನಿವಾಸಿಗಳು.

ಇದನ್ನು ಹಣವಂತರ ಶೋಕಿ ಎಂದು ಆಡಿಕೊಳ್ಳುವವರು ಸರ್ಕಾರದ ಅವತಾರವನ್ನೂ ನೋಡಲಿ. ವಿಶ್ವಸಂಸ್ಥೆ 1990ರ ಡಿಸೆಂಬರ್‌ನಲ್ಲಿ ಗೊತ್ತುಮಾಡಿದ ಹಿರಿಯರ ದಿನ ಅಕ್ಟೋಬರ್ 1. ಆ ದಿನದ ಹೆಸರಿನಲ್ಲಿ ಜಿಲ್ಲಾ ಕೇಂದ್ರಗಳಲ್ಲಿ ಎಪ್ಪತ್ತು ವರ್ಷದವರನ್ನು ಸಾಲಾಗಿ ನಿಲ್ಲಿಸಿ ಬಕೆಟ್ಟಿಗೆ ಚೆಂಡು ಎಸೆಸುತ್ತಾರೆ. ಐವತ್ತು ವರ್ಷ ಬೇಸಾಯ ಮಾಡಿದ, ಮಳೆ ನಕ್ಷತ್ರಗಳನ್ನು ಬಾಯಿಪಾಠ ಹೇಳಬಲ್ಲ ಮನುಷ್ಯನಿಗೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಚೆಂಡು ಬಿದ್ದದ್ದಕ್ಕೆ ಸ್ಟೀಲ್ ಲೋಟ ಬಹುಮಾನ! ಅಂಗನವಾಡಿ ಮಕ್ಕಳಿಗೆ ಆಡಿಸುವ ಆಟವನ್ನು ಅಜ್ಜಂದಿರಿಗೆ ಆಡಿಸಿ, ಶಾಲು ಹೊದಿಸಿ, ಫೋಟೊ ತೆಗೆದು ಕಳಿಸುವುದಕ್ಕೆ ಗೌರವ ಎಂಬ ಹೆಸರು.

ಕಾನೂನಿನ ಕಣ್ಣೂ ಅಷ್ಟೇ ದೂರ ಹೋಗುತ್ತದೆ. ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಹಾಗೂ ಕಲ್ಯಾಣದ 2007ರ ಕಾಯ್ದೆ ಒಳ್ಳೆಯ ಕಾಯ್ದೆ. ಆಸ್ತಿ ಬರೆಸಿಕೊಂಡು ಕೈಬಿಟ್ಟ ಮಕ್ಕಳಿಂದ ಅದನ್ನು ವಾಪಸ್ ಪಡೆಯಲು ಅದರಲ್ಲಿ ದಾರಿಯಿದೆ. ಅದರ 19ನೇ ಕಲಂ ಪ್ರತಿ ಜಿಲ್ಲೆಗೆ ಕನಿಷ್ಠ 150 ನಿರ್ಗತಿಕ ಹಿರಿಯರು ಇರಬಹುದಾದ ಒಂದು ವೃದ್ಧಾಶ್ರಮವಾದರೂ ಇರಲಿ ಎನ್ನುತ್ತದೆ. ಅಲ್ಲಿ ಯಾವ ಸೇವೆಗಳು ಇರಬೇಕು ಎನ್ನುವಾಗ ಹೆಸರಿಸುವುದು ಎರಡನ್ನು: ವೈದ್ಯಕೀಯ ಆರೈಕೆ ಮತ್ತು ಮನರಂಜನೆ. ಅಲ್ಲಿರುವವರಿಗೆ ಮಾಡಲು ಏನಾದರೂ ಇರಬೇಕೆಂಬುದು ಅದರಲ್ಲಿ ಬಂದಿಲ್ಲ.

ಅದು ಏಕೆ ಬರಬೇಕಿತ್ತು ಎನ್ನುವುದಕ್ಕೆ ಒಂದು ಹಳೆಯ ಪ್ರಯೋಗವಿದೆ. ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬ ಮನೋವಿಜ್ಞಾನಿಗಳು 1976ರಲ್ಲಿ ಅಮೆರಿಕದ ಕನೆಕ್ಟಿಕಟ್‌ನ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ನಡೆಸಿದ್ದನ್ನು ಪ್ರಕಟಿಸಿದರು. ಎರಡು ಮಹಡಿಯವರಿಗೂ ಒಂದೊಂದು ಗಿಡ ಕೊಟ್ಟರು. ಸಿನಿಮಾ ತೋರಿಸಿದರು. ಒಂದು ಮಹಡಿಯಲ್ಲಿ ಗಿಡ ನೋಡಿಕೊಳ್ಳುವುದು, ಸಿನಿಮಾ ಯಾವ ದಿನ ಎಂದು ಗೊತ್ತುಮಾಡುವುದು ಅವರವರದೇ ಜವಾಬ್ದಾರಿ. ಇನ್ನೊಂದರಲ್ಲಿ ನರ್ಸುಗಳು ನೀರು ಹಾಕುತ್ತಾರೆ, ದಿನವನ್ನು ಸಿಬ್ಬಂದಿ ಹೇಳುತ್ತಾರೆ. ಕೆಲವೇ ವಾರಗಳಲ್ಲಿ ಮೊದಲ ಮಹಡಿಯವರು ಹೆಚ್ಚು ಚುರುಕಾಗಿ, ಹೆಚ್ಚು ಖುಷಿಯಾಗಿ ಕಂಡರು. ಒಂದೂವರೆ ವರ್ಷದ ನಂತರ ಅವರಲ್ಲಿ ಸತ್ತವರೂ ಕಡಿಮೆ. ಗುಂಪು ಚಿಕ್ಕದು, ಸಾವಿನ ಲೆಕ್ಕವನ್ನು ಬಹಳ ಎಳೆಯಬಾರದು. ಆದರೂ ಗಿಡ ಅದೇ, ಸಿನಿಮಾ ಅದೇ. ಬೇರೆಯಾಗಿದ್ದದ್ದು ಜವಾಬ್ದಾರಿ ಮಾತ್ರ.

ಇದಕ್ಕೆ ಕನೆಕ್ಟಿಕಟ್‌ವರೆಗೂ ಹೋಗಬೇಕಾಗಿರಲಿಲ್ಲ. ತಿಪಟೂರು ಸೀಮೆಯ ಯಾವುದಾದರೂ ತೋಟದ ಮನೆಯ ಅಟ್ಟದ ಕೆಳಗೆ ನಿಂತರೆ ಸಾಕು. ಬಲಿತ ಕಾಯಿ ಅಟ್ಟ ಸೇರಿ ಉಂಡೆ ಕೊಬ್ಬರಿಯಾಗಲು ಎಂಟು ತಿಂಗಳಿಂದ ವರ್ಷದವರೆಗೆ ಹಿಡಿಯುತ್ತದೆ. ನಡುನಡುವೆ ಒಂದೊಂದು ಕಾಯಿ ಇಳಿಸಿಕೊಂಡು ಕಿವಿಯ ಹತ್ತಿರ ಕುಲುಕಿ ನೋಡುವವರು ಮನೆಯ ತಾತ. ಒಳಗೆ ನೀರು ಅಲುಗಿದರೆ ಇನ್ನೂ ಬಿಡಬೇಕು. ನೀರಿನ ಸದ್ದು ಅಡಗಿ ಗಿಟುಕು ಕರಟಕ್ಕೆ ಲೊಟಲೊಟ ಬಡಿದರೆ ಸುಲಿಯುವವರಿಗೆ ಹೇಳಿ ಕಳಿಸಬಹುದು. ತಿಪಟೂರು ಮಾರುಕಟ್ಟೆಯ ಧಾರಣೆ ಕೇಳಿಕೊಂಡು ‘ಈ ವಾರ ಬೇಡ, ತಡೀರಿ’ ಎನ್ನುವ ಹಕ್ಕು ಅವರದೇ. ಬೆಂಗಳೂರಿನ ಮಗ ಫೋನಿನಲ್ಲಿ ಎಷ್ಟು ವಾದಿಸಿದರೂ ಅಷ್ಟೇ. ಅಂಗಳದಲ್ಲಿ ಅಜ್ಜಿ ಗರಿ ಸೀಳಿ, ಕಡ್ಡಿ ಹೆರೆದು ಪೊರಕೆ ಕಟ್ಟುತ್ತಿರುತ್ತಾರೆ. ಅವರಿಗೆ ಅದು ಬರೀ ಕಾಲಕ್ಷೇಪವಲ್ಲ, ನಾಲ್ಕು ಕಾಸು ಬರುವ ಕೆಲಸ.

ಹಬ್ಬ ಬಂದರೆ ಈ ಯಜಮಾನಿಕೆ ಇನ್ನೂ ಎದ್ದು ಕಾಣುತ್ತದೆ. ಮಹಾಲಯ ಅಮಾವಾಸ್ಯೆಗೆ ಊರಿಗೆ ಬರುವ ಮಕ್ಕಳು ಎಡೆ ಇಡಬೇಕಾದದ್ದು ಯಾರ್ಯಾರಿಗೆ, ತೀರಿಹೋದ ದೊಡ್ಡಪ್ಪನಿಗೆ ಇಷ್ಟವಾಗಿದ್ದದ್ದು ವಡೆಯೋ ಕಜ್ಜಾಯವೋ ಎಂಬುದನ್ನು ಅಜ್ಜಿಯನ್ನೇ ಕೇಳಬೇಕು. ಮದುವೆ ಚಪ್ಪರದಲ್ಲಿ ಯಾವ ಶಾಸ್ತ್ರಕ್ಕೆ ಯಾವ ಸೋಬಾನೆ ಎಂದು ಎತ್ತಿಕೊಡುವವರು ಅವರೇ. ಜಾತ್ರೆಯಲ್ಲಿ ಸೋಮನ ಕುಣಿತದ ಹೆಜ್ಜೆ ತಪ್ಪಿದರೆ ಕಟ್ಟೆಯ ಮೇಲಿಂದ ಗದರುವ ಮುದುಕರು ಪ್ರೇಕ್ಷಕರಂತೆ ಕಂಡರೂ ನಿಜವಾಗಿ ಪರೀಕ್ಷಕರು. ಈಗ ಚಪ್ಪರದ ಜಾಗಕ್ಕೆ ಕಲ್ಯಾಣ ಮಂಟಪ, ಸೋಬಾನೆಯ ಜಾಗಕ್ಕೆ ಆರ್ಕೆಸ್ಟ್ರಾ ಬಂದಿವೆ. ಅಜ್ಜಿಗೆ ಮುಂದಿನ ಸಾಲಿನಲ್ಲಿ ಮೆತ್ತನೆಯ ಕುರ್ಚಿ ಸಿಕ್ಕಿದೆ. ಸ್ಪೀಕರಿನ ಮುಂದೆಯೇ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ‘ವೃದ್ಧಾಶ್ರಮ ನಮ್ಮ ಸಂಸ್ಕೃತಿಯಲ್ಲ’ ಎಂಬುದಕ್ಕೆ ಉತ್ತರ ಬೇಕಿಲ್ಲ. ಹಾಗೆ ಭಾಷಣ ಮಾಡುವವರ ತಾಯಂದಿರು ಎಲ್ಲಿ ಯಾರ ಜೊತೆ ಇದ್ದಾರೆಂದು ಕೇಳಿದರಾಯಿತು. ಆದರೆ ಎರಡು ಆಕ್ಷೇಪಗಳು ಗಟ್ಟಿಯಾದವು.

ಒಂದು, ಹೆಂಗಸರದು. ಹದಿನಾರಕ್ಕೆ ಒಲೆಯ ಮುಂದೆ ಕೂತವಳು ಎಪ್ಪತ್ತರಲ್ಲೂ ಹೋಳಿಗೆಯ ಹೂರಣ ರುಬ್ಬಬೇಕೆ? ‘ಅಜ್ಜಿಗೆ ಕೆಲಸವೇ ಖುಷಿ’ ಎನ್ನುವುದು ಕೆಲಸ ಮಾಡದ ಗಂಡಸರಿಗೆ ಬಹಳ ಅನುಕೂಲದ ಮಾತು. ಕೂತಲ್ಲಿಗೆ ಕಾಫಿ ಬರುವ, ಇವತ್ತೇನು ಅಡುಗೆ ಎಂದು ಯೋಚಿಸಬೇಕಿಲ್ಲದ ಬಾಳು ಅವಳಿಗೆ ಮೊದಲ ಸಲ ಸಿಕ್ಕಿದರೆ ಅದನ್ನು ಹೀಗಳೆಯಲು ಯಾರಿಗೂ ಹಕ್ಕಿಲ್ಲ. ಇನ್ನೊಂದು ಇದಕ್ಕಿಂತ ಕಹಿಯಾದದ್ದು. ಹಳ್ಳಿಯ ಹಬ್ಬದಲ್ಲಿ ಎಲ್ಲರಿಗೂ ಕೆಲಸವಿತ್ತು ನಿಜ, ಆದರೆ ಆ ಕೆಲಸ ಹಂಚಿದ್ದು ಜಾತಿ. ದೇವರ ಅಡ್ಡೆಗೆ ಹೆಗಲು ಕೊಡುವವರು ಯಾರು, ದೂರ ನಿಂತು ತಮಟೆ ಬಡಿಯುವವರು ಯಾರು ಎಂಬುದು ಹುಟ್ಟುವಾಗಲೇ ತೀರ್ಮಾನವಾಗಿರುತ್ತಿತ್ತು. ಗಂಡ ಸತ್ತವಳಿಗಂತೂ ಆರತಿ ತಟ್ಟೆಯಿಲ್ಲ, ಅರಿಶಿನ ಕುಂಕುಮವಿಲ್ಲ. ಸೋಬಾನೆ ನೂರು ಬಂದರೂ ಅವಳು ಚಪ್ಪರದ ಹೊರಗೆ. ಪರಿಚಯವಿಲ್ಲದವರ ನಡುವಿನ ನಿವೃತ್ತರ ಬಡಾವಣೆಯಲ್ಲಿ ಅವಳು ಗೊಂಬೆಗೆ ಆರತಿ ಎತ್ತಿದರೆ ಬೇಡವೆನ್ನುವವರು ಕಡಿಮೆ. ಈ ಒಂದು ವಿಷಯದಲ್ಲಿ ಬಡಾವಣೆ ಊರನ್ನು ಸೋಲಿಸಿದೆ.

ಹಾಗಾದರೆ ಒಲೆಯ ಮುಂದಿನ ಆ ಹೆಂಗಸು ಬೇಡುವುದು ಬಿಡುವನ್ನೋ ಅಧಿಕಾರವನ್ನೋ? ಎರಡನ್ನೂ. ರುಬ್ಬುವುದು ಬೇಡ, ಆದರೆ ಹೂರಣಕ್ಕೆ ಬೆಲ್ಲ ಎಷ್ಟೆಂದು ಹೇಳುವುದು ಬೇಕು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಹಣ ತಪ್ಪಿದಾಗ ಇದಕ್ಕೆ ಸಾಕ್ಷಿ ಸಿಕ್ಕಿತು. ಹಳ್ಳಿಯ ಅಜ್ಜಿಯರು ತಾವೇ ಗುಂಪು ಕಟ್ಟಿಕೊಂಡು, ಬುತ್ತಿ ಕಟ್ಟಿಕೊಂಡು, ಯಡಿಯೂರು, ಧರ್ಮಸ್ಥಳ ಎಂದು ಹೊರಟರು. ಯಾವ ವ್ಯವಸ್ಥಾಪಕನೂ ಅವರಿಗೆ ವೇಳಾಪಟ್ಟಿ ಬರೆದುಕೊಡಲಿಲ್ಲ. ಪೇಟೆಯ ಮೇಜುಗಳಲ್ಲಿ ಅದನ್ನು ನೋಡಿ ನಕ್ಕವರಿಗೆ, ಎಪ್ಪತ್ತರ ಹೆಂಗಸು ಮೊದಲ ಬಾರಿ ಯಾರ ಅಪ್ಪಣೆಯೂ ಇಲ್ಲದೆ ತನ್ನ ಯಾತ್ರೆಯನ್ನು ತಾನೇ ಗೊತ್ತುಮಾಡಿದ್ದು ಕಾಣಲೇ ಇಲ್ಲ.

ಹೀಗೆ ತಮ್ಮದನ್ನು ತಾವೇ ಗೊತ್ತುಮಾಡಿಕೊಳ್ಳಲು ಬೇರೆ ಬಡಾವಣೆಯೇ ಬೇಕಿಲ್ಲ. ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಪೆನ್ ಸೌತ್ ಎಂಬ ಸಹಕಾರಿ ವಸತಿ ಸಮುಚ್ಚಯವಿದೆ. 1962ರಲ್ಲಿ ಬಂದು ಸೇರಿದವರು ಅಲ್ಲೇ ಮುಪ್ಪಾದರು. ಯಾರೂ ಯೋಜಿಸದೆ ಅದು ನಿವೃತ್ತರ ಊರಾಯಿತು. 1986ರಲ್ಲಿ ಅಲ್ಲಿಯವರು ಹಿರಿಯರನ್ನು ಬೇರೆಡೆಗೆ ಸಾಗಿಸುವ ಬದಲು ಸೇವೆಗಳನ್ನೇ ಅವರಿದ್ದಲ್ಲಿಗೆ ತರಿಸಿಕೊಂಡರು. ಕಿಬ್ಬನಹಳ್ಳಿ ಸುತ್ತಿನ ಊರುಗಳೂ ಯಾರೂ ಯೋಜಿಸದೆ ಅದೇ ಸ್ಥಿತಿಗೆ ಬಂದಿವೆ. ಮನೆ ಇದೆ, ತೋಟ ಇದೆ, ಅರಳಿಕಟ್ಟೆ ಇದೆ, ಗ್ರಾಮ ಪಂಚಾಯಿತಿಯ ಗ್ರಂಥಾಲಯ ಅರಿವು ಕೇಂದ್ರವೆಂಬ ಹೆಸರಿನಲ್ಲಿ ಇದೆ.

ಆದ್ದರಿಂದ ಪಂಚಾಯಿತಿಗಳಲ್ಲಿ ಕೇಳಿಕೊಳ್ಳುವುದಿಷ್ಟೆ: ಮುಂದಿನ ಅಕ್ಟೋಬರ್ 1ರ ಶಾಲು, ಹಾರ, ಬಕೆಟ್ಟು ಎಲ್ಲವನ್ನೂ ಬಿಡಿ. ಅವಕ್ಕೆ ಎತ್ತಿಟ್ಟ ಹಣವನ್ನು ಊರಿನ ಹಿರಿಯರ ಒಂದು ಸಮಿತಿಯ ಕೈಗೆ ಕೊಡಿ. ಸಮಿತಿಯಲ್ಲಿ ಅರ್ಧ ಹೆಂಗಸರಿರಲಿ, ಗಂಡ ಸತ್ತವರಿರಲಿ, ಕೆಳಗಿನ ಕೇರಿಯವರಿರಲಿ. ಭಜನೆಯೋ, ಹರಿಕಥೆಯೋ, ಯಾತ್ರೆಯೋ, ಊಟವೋ ಅವರೇ ಗೊತ್ತುಮಾಡಲಿ. ಜಗಳವಾಗುತ್ತದೆ, ಆಗಲಿ. ಖರ್ಚಿನ ಲೆಕ್ಕವನ್ನೂ ಅವರಿಂದಲೇ ಬರೆಸಿಕೊಳ್ಳಿ.